ಸುಧಾಕರ ಕಟ್ಟಿದ ಇಂಜಿನ್

ಆ ಲಾರಿಯ ಇಂಜಿನ್ನನ್ನು ಕೆಡಿಸಿದವನು ನಾನು. ನನ್ನ ಹೆಂಡತಿಯ ತಮ್ಮ ಸುಧಾಕರನಲ್ಲ. ತಪ್ಪು ಅವನದೆಂದು ಹೇಳಿದವನೂ ನಾನೇ — ಒಂದು ಮದುವೆಯಲ್ಲಿ, ಊಟಕ್ಕೆ ಕಾದು ಕುಳಿತಿದ್ದವರೆಲ್ಲರ ಎದುರು. ಅವರಲ್ಲಿ ಅನೇಕರು ಈಗಲೂ ಕೋಲ್ಕತ್ತದಲ್ಲಿದ್ದಾರೆ. ಕೆಲವರು ನಿವೃತ್ತರಾಗಿ ಉಡುಪಿ, ಕುಂದಾಪುರದ ಕಡೆಗೆ ಹೋಗಿದ್ದಾರೆ. ಅಷ್ಟು ಜನ ಕೇಳುವಂತೆ ಆಡಿದ ಮಾತನ್ನು ಈಗ ಒಬ್ಬನ ಮುಂದೆ ತಗ್ಗಿದ ದನಿಯಲ್ಲಿ ವಾಪಸು ತೆಗೆದುಕೊಂಡರೆ ಸಾಲದು. ಅದಕ್ಕಾಗಿ ಬರೆಯುತ್ತಿದ್ದೇನೆ.

ಇಷ್ಟು ಬರೆಯಲು ಕಷ್ಟವಾಗಲಿಲ್ಲ. ಮುಂದಿನದಕ್ಕೆ ಕೈ ತಡೆಯುತ್ತಿದೆ. ಯಾವ ಗಳಿಗೆಯಲ್ಲಿ ನನಗೆ ಏನು ಗೊತ್ತಿತ್ತು ಎಂಬುದು — ಇಂದಿಗೂ ನನಗೇ ತಿಳಿಯಾಗಿಲ್ಲ. ಗೊತ್ತಿದ್ದೂ ಸುಮ್ಮನಿದ್ದೆನೇ, ಗೊತ್ತಾಗಿಬಿಟ್ಟೀತು ಎಂದು ಆ ಕಡೆ ನೋಡದೆ ಉಳಿದೆನೇ, ಅಥವಾ... ಇವೆರಡರ ನಡುವೆ ವ್ಯತ್ಯಾಸವಿದೆಯೇ ಎಂಬುದೂ ನನಗೆ ಅರ್ಥವಾಗಿಲ್ಲ. ನಾನು ಹತ್ತನೆಯ ತರಗತಿಯವರೆಗೆ ಓದಿದವನು. ನಡೆದದ್ದನ್ನು ನಡೆದ ಹಾಗೆ ಹೇಳಲು ನೋಡುತ್ತೇನೆ.

ನಾನು ಕೋಟದ ಹತ್ತಿರದವನು. ಸೋದರಮಾವನ ಬೆನ್ನು ಹಿಡಿದು ಈ ಊರಿಗೆ ಬಂದೆ. ಲೇಕ್ ಮಾರ್ಕೆಟ್ಟಿನ ಬಳಿ ಅವರ ಹೋಟೆಲಿನಲ್ಲಿ ದುಡಿದು, ಮುಂದೆ ಮದುವೆ ಮುಂಜಿಗಳ ಅಡುಗೆ ಹಿಡಿಯುವ ಕೆಲಸವನ್ನು ಸ್ವಂತಕ್ಕೆ ಆರಂಭಿಸಿದೆ. ಚೇತ್ಲಾದಲ್ಲಿ ತಗಡಿನ ಮಾಡಿನ ಒಂದು ಅಂಗಳ ಬಾಡಿಗೆಗಿತ್ತು. ಅಡುಗೆ ಅಲ್ಲೇ ಆಗುತ್ತಿತ್ತು. ಹಂಡೆ, ಕೊಪ್ಪರಿಗೆ, ಒಲೆ, ಬಾಳೆಲೆಯ ಕಟ್ಟು ಎಲ್ಲವನ್ನೂ ಅಲ್ಲಿಂದ ಮದುವೆಯ ಛತ್ರಗಳಿಗೆ ಸಾಗಿಸಲು ಒಂದು ಹಳೆಯ ಲಾರಿ ಇತ್ತು.

ಆ ಲಾರಿಯನ್ನು ಓಡಿಸುತ್ತಿದ್ದವನು ಸುಧಾಕರ. ನನ್ನ ಹೆಂಡತಿ ಜಲಜಳಿಗೆ ಒಬ್ಬನೇ ತಮ್ಮ. ಊರಿನಲ್ಲಿ ಯಾವ ಕೆಲಸದಲ್ಲೂ ನಿಲ್ಲದವನನ್ನು ಅವಳೇ ಕರೆಸಿಕೊಂಡಿದ್ದಳು. ಬಂದ ಹೊಸದರಲ್ಲಿ ನಮ್ಮ ಮನೆಯಲ್ಲೇ ಇದ್ದ. ಮದುವೆಯಾದ ಮೇಲೆ ಕಾಳಿಘಾಟಿನಲ್ಲಿ ಒಂದು ಕೋಣೆ ಹಿಡಿದ, ಆದರೆ ಊಟ ಹೆಚ್ಚಾಗಿ ನಮ್ಮಲ್ಲೇ. ಮದುವೆಯಿಲ್ಲದ ತಿಂಗಳುಗಳಲ್ಲಿ ಅವನು ಚೇತ್ಲಾದ ಲಾರಿ ಮಿಸ್ತ್ರಿಗಳ ಪಕ್ಕ ಕುಕ್ಕರುಗಾಲಿನಲ್ಲಿ ಕುಳಿತಿರುತ್ತಿದ್ದ. ಮೊದಮೊದಲು ಬರೀ ನೋಡುತ್ತಿದ್ದ, ಆಮೇಲೆ ಅವರಿಗೆ ಬೋಲ್ಟು ಬಿಚ್ಚುವ ಪಾನಾ ಎತ್ತಿಕೊಡುತ್ತಿದ್ದ, ಆಮೇಲೆ ಅವರೇ ಅವನನ್ನು ಕರೆಯತೊಡಗಿದರು. ಆದರೆ ಇಡೀ ಇಂಜಿನ್ ಒಂದನ್ನು ಅವನು ಒಬ್ಬನೇ ಬಿಚ್ಚಿ ಕಟ್ಟಿರಲಿಲ್ಲ.

ಹದಿನೈದು ಹದಿನಾರು ವರ್ಷಗಳ ಹಿಂದೆ, ನಮ್ಮ ಲಾರಿ ಎಣ್ಣೆ ಕುಡಿಯಲು ಶುರುಮಾಡಿತು. ಏರು ಬಂದರೆ ಏದುಸಿರು. ಸುಧಾಕರ ಹೇಳಿದ, "ನಾನೇ ಕಟ್ತೆ ಭಾವ. ವಿಶ್ವಕರ್ಮ ಪೂಜೆ ಮುಗಿಲಿ, ಬಿಚ್ಚುವ. ಮದಿ ಮುಂಜಿ ಸೀಸನ್ ಒಳ್ಗೆ ರೆಡಿ."

ಅವನ ಮನಸ್ಸಿನಲ್ಲಿ ಇದ್ದದ್ದು ನಮ್ಮ ಲಾರಿ ಮಾತ್ರವಲ್ಲ. ಚೇತ್ಲಾದಲ್ಲಿ ಯಾದವ್‌ಜಿ ಎಂಬ ಬಿಹಾರದ ಲಾರಿ ಮಾಲೀಕರಿದ್ದರು. ಅವರ ಎರಡು ಗಾಡಿಗಳ ಇಂಜಿನ್ ಕೆಲಸ ಕಾದಿತ್ತು. ನಿನ್ನ ಭಾವನ ಲಾರಿ ಓಡಿದರೆ ನನ್ನದನ್ನೂ ನಿನಗೇ ಕೊಡುತ್ತೇನೆ ಎಂದಿದ್ದರು. ಆ ಲಾರಿ ಸರಿಯಾಗಿ ಓಡಿದರೆ ನಮ್ಮ ಅಂಗಳದ ಒಂದು ಮೂಲೆಯಲ್ಲಿ ಸುಧಾಕರ ತನ್ನದೇ ಗ್ಯಾರೇಜು ಇಡುವುದು — ಇದು ಅವನ ಲೆಕ್ಕ. ಬೋರ್ಡಿಗೆ ಯಾವ ದೇವರ ಹೆಸರು ಎಂದು ಅಕ್ಕತಮ್ಮ ನಮ್ಮ ಮನೆಯ ಅಡುಗೆಕೋಣೆಯಲ್ಲಿ ಜಗಳವಾಡಿದ್ದೂ ಇತ್ತು. ಜಲಜ ಅಷ್ಟು ನಗುತ್ತಿದ್ದುದನ್ನು ನಾನು ಆಮೇಲೆ ಹೆಚ್ಚು ನೋಡಿಲ್ಲ.

ಈಗ ಪುಲ್ಲಿಯ ವಿಷಯ. ಇದನ್ನು ಸ್ವಲ್ಪ ವಿವರಿಸಬೇಕು, ಇಲ್ಲದಿದ್ದರೆ ನಾನು ಮಾಡಿದ್ದೇನೆಂದು ತಿಳಿಯುವುದಿಲ್ಲ.

ಡೀಸೆಲ್ ಇಂಜಿನ್ನಿನಲ್ಲಿ ಪಿಸ್ಟನ್ ಮೇಲೇರಿ ಗಾಳಿಯನ್ನು ಒತ್ತುವ ಹೊತ್ತಿಗೆ ಸರಿಯಾಗಿ ಪಂಪು ಡೀಸೆಲನ್ನು ಒಳಗೆ ಚಿಮ್ಮಿಸಬೇಕು. ತುಸು ಮೊದಲೇ ಚಿಮ್ಮಿದರೆ ಇಂಜಿನ್ ಒಳಗೆ ಬಡಿಯುತ್ತದೆ. ತುಸು ತಡವಾದರೆ ಡೀಸೆಲ್ ಪೂರ್ತಿ ಉರಿಯದೆ ಬಿಳಿ ಹೊಗೆಯಾಗಿ ಹೋಗುತ್ತದೆ, ಎಳೆಯುವ ಶಕ್ತಿ ಇರುವುದಿಲ್ಲ. ಇದನ್ನೇ ಟೈಮಿಂಗ್ ಎನ್ನುತ್ತಾರೆ. ಪಿಸ್ಟನ್ ಎಲ್ಲಿದೆ ಎಂದು ಹೊರಗಿನಿಂದ ಕಾಣುವುದಿಲ್ಲವಲ್ಲ — ಅದಕ್ಕಾಗಿ ಇಂಜಿನ್ನಿನ ಮುಂದೆ ತಿರುಗುವ ಪುಲ್ಲಿಯ ಅಂಚಿನಲ್ಲಿ ಒಂದು ಗೀಟು ಕೊರೆದಿರುತ್ತಾರೆ. ಆ ಗೀಟು ಎಲ್ಲಿದೆ ಎಂದು ನೋಡಿ ಪಂಪನ್ನು ಕೂರಿಸಬೇಕು. ನಮ್ಮ ಲಾರಿಯ ಪುಲ್ಲಿ ಒಂದೇ ತುಂಡಲ್ಲ. ಒಳಗೊಂದು ಕಬ್ಬಿಣ, ಹೊರಗೊಂದು ಕಬ್ಬಿಣದ ಬಳೆ, ನಡುವೆ ಅವೆರಡನ್ನೂ ಹಿಡಿದಿಟ್ಟ ರಬ್ಬರು. ಗೀಟು ಇದ್ದದ್ದು ಹೊರಗಿನ ಬಳೆಯ ಮೇಲೆ.

ಇಂಜಿನ್ ಬಿಚ್ಚುವ ದಿನ ಸುಧಾಕರ ಮಲ್ಲಿಕ್ ಬಜಾರಿಗೆ ಸಾಮಾನು ತರಲು ಹೊರಟ. ಹೋಗುವಾಗ ಹೇಳಿದ, "ಪುಲ್ಲಿಗ್ ಮಾತ್ರ ಕೈ ಹಾಕ್ಬೇಡಿ ಭಾವ. ರಬ್ಬರ್ ಹಳ್ತಾಯ್ತ್. ನಾ ಬಂದ್ ತೆಗಿತೆ."

ಅಡುಗೆಯವರಿಬ್ಬರು ಅಲ್ಲೇ ಕುಳಿತು ತೆಂಗಿನಕಾಯಿ ಸುಲಿಯುತ್ತಿದ್ದರು. ಅವರ ಎದುರು ಅವನು ಹಾಗೆ ಹೇಳಿದ್ದು ನನಗೆ ಹಿಡಿಸಲಿಲ್ಲವೋ ಏನೋ. ಲಾರಿ ನನ್ನದು, ಅಂಗಳ ನನ್ನದು. ಅವನು ಹೋದ ಮೇಲೆ ಅಡುಗೆಯವರಲ್ಲೊಬ್ಬ, "ಯಜಮಾನ್ರೆ, ನಿಮ್ಗೆ ಮುಟ್ಟುಕಿಲ್ಲೆ ಅಂಬ್ರ್ ಈಗ," ಎಂದು ನಕ್ಕ. ತಮಾಷೆಯೇ. ನಾನೂ ನಕ್ಕೆ. ನಕ್ಕು, ಎದ್ದು, ಮೂರು ಕಾಲಿನ ಪುಲ್ಲರ್ ತೆಗೆದುಕೊಂಡು ಅದರ ಕೊಕ್ಕೆಗಳನ್ನು ಪುಲ್ಲಿಯ ಹೊರ ಅಂಚಿಗೆ ಸಿಕ್ಕಿಸಿದೆ. ನಡುವಿನ ಕಬ್ಬಿಣವನ್ನು ಹಿಡಿದು ಎಳೆಯಬೇಕಿತ್ತು. ಅದಕ್ಕೆ ಬೇರೆ ಬೋಲ್ಟು ಹುಡುಕಬೇಕಿತ್ತು. ನನಗೆ ತಾಳ್ಮೆ ಇರಲಿಲ್ಲ. ಬಾರದಿದ್ದಾಗ ಸುತ್ತಿಗೆಯಿಂದ ಅಂಚಿಗೆ ಬಡಿದೆ.

ಕೀರ್ ಎಂದು ಒಂದು ಸದ್ದು ಬಂತು. ಪುಲ್ಲಿ ಬಂತು. ನೋಡಿದರೆ ರಬ್ಬರಿನ ಅಂಚು ಒಂದು ಕಡೆ ಬತ್ತಿಯ ಹಾಗೆ ಹೊಸೆದು ಹೊರಗೆ ಇಣುಕಿತ್ತು.

ಹೊರಗಿನ ಬಳೆ, ಅದರ ಜೊತೆ ಗೀಟೂ, ಸರಿದಿದೆ ಎಂದು ಆಗ ನನಗೆ ಹೊಳೆಯಿತೇ? ಇಲ್ಲ ಎಂದು ಬರೆಯಲು ಮನಸ್ಸಾಗುತ್ತದೆ. ಆದರೆ ನಾನು ಆ ರಬ್ಬರನ್ನು ಹೆಬ್ಬೆರಳಿನಿಂದ ಒಳಗೆ ಒತ್ತಿದೆ. ಬಳೆಯನ್ನು ಮರದ ತುಂಡಿನಿಂದ ತಟ್ಟಿ ಮಟ್ಟ ಮಾಡಿದೆ. ರಬ್ಬರಿನ ಸಂದಿನ ಮೇಲೆ ಗ್ರೀಸು ಬಳಿದೆ — ತುಕ್ಕು ಹಿಡಿಯದಿರಲಿ ಎಂದು ಬಳಿದೆ, ಹಾಗೆಂದೇ ನೆನಪು. ಸುಧಾಕರ ಬಂದು ಕೇಳಿದ್ದಕ್ಕೆ, "ತನ್ನಷ್ಟಕ್ಕೇ ಬಂತು ಮಾರಾಯ, ನೀ ಸುಮ್ನೆ ಹೆದ್ರುದ್," ಎಂದೆ. ಅವನು ಪುಲ್ಲಿಯನ್ನು ತಿರುಗಿಸಿ ನೋಡಿದ. ಗ್ರೀಸು ಒರೆಸಲಿಲ್ಲ. ಭಾವ ಹೇಳಿದ ಮೇಲೆ ಒರೆಸಿ ನೋಡುವುದು ನಮ್ಮ ಮನೆಗಳಲ್ಲಿ ಮರ್ಯಾದೆಯಲ್ಲ. ಅಕ್ಕನ ಮನೆಯಲ್ಲಿ ಉಣ್ಣುವ ತಮ್ಮನಂತೂ ಹಾಗೆ ಮಾಡುವುದೇ ಇಲ್ಲ.

ಅವನು ಇಂಜಿನ್ ಕಟ್ಟಿದ ಬಗೆಯನ್ನು ನಾನು ನೋಡಿದ್ದೇನೆ. ಒಂದೊಂದು ಸಾಮಾನನ್ನೂ ಸೀಮೆಎಣ್ಣೆಯಲ್ಲಿ ತೊಳೆದು, ನಮ್ಮ ಹಳೆಯ ಪಂಚೆಗಳ ಮೇಲೆ ಹರವಿ, ಅಡುಗೆಯವರು ದಾಟಿ ಹೋದರೆ ಬೈಯುತ್ತಿದ್ದ. ಗೇರುಗಳ ಮೇಲಿನ ಚುಕ್ಕೆಗೆ ಚುಕ್ಕೆ ಕೂಡಿಸಿ ನನ್ನನ್ನು ಕರೆದು ತೋರಿಸಿದ. ಕೊನೆಗೆ ಪುಲ್ಲಿಯ ಗೀಟನ್ನು ನೋಡಿ ಪಂಪು ಕೂರಿಸಿದ. ಜಲಜ ಕಾಳಿಘಾಟಿನಿಂದ ದಾಸವಾಳದ ಹಾರ ತಂದು ಲಾರಿಯ ಮೂತಿಗೆ ಕಟ್ಟಿದಳು. ಯಾದವ್‌ಜಿಯೂ ಬಂದು ಬೀಡಿ ಹಚ್ಚಿ ನಿಂತರು.

ಇಂಜಿನ್ ಬಹಳ ಹೊತ್ತು ತಿಣುಕಿ ಶುರುವಾಯಿತು. ಶುರುವಾದದ್ದೇ ಅಂಗಳ ತುಂಬ ಬಿಳಿ ಹೊಗೆ.

ಅಲ್ಲಿಂದ ಮುಂದಿನ ಮೂರು ನಾಲ್ಕು ವಾರ ಸುಧಾಕರ ಆ ಇಂಜಿನ್ನಿನ ಜೊತೆಗೇ ಇದ್ದ. ಡೀಸೆಲ್ ಪೈಪಿನಲ್ಲಿ ಗಾಳಿ ಹೊಕ್ಕಿದೆಯೇ ಎಂದು ನೋಡಿದ, ಇರಲಿಲ್ಲ. ಡೀಸೆಲ್ ಚಿಮ್ಮಿಸುವ ನಾಜಲ್‌ಗಳನ್ನು ಪರೀಕ್ಷೆಗೆ ಕೊಟ್ಟ, ಸರಿ ಇದ್ದವು. ವಾಲ್ವುಗಳ ಸಂದು ಅಳೆದ, ಸರಿ ಇತ್ತು. ಮುಂದಿನ ಮುಚ್ಚಳ ಬಿಚ್ಚಿ ಗೇರಿನ ಚುಕ್ಕೆಗಳನ್ನು ಮತ್ತೆ ನೋಡಿದ, ಮುಚ್ಚಿದ, ಮನಸ್ಸು ತಡೆಯದೆ ಮತ್ತೆ ಬಿಚ್ಚಿದ. ಪ್ರತಿ ಸಲವೂ ಪುಲ್ಲಿಯ ಗೀಟಿಗೆ ಪಂಪನ್ನು ಹೊಂದಿಸಿದ. ಪ್ರತಿ ಸಲವೂ ಬಿಳಿ ಹೊಗೆ. ಊಟಕ್ಕೆ ಕುಳಿತರೆ ಅನ್ನದ ಮೇಲೆ ಬೆರಳಿನಿಂದ ಗೇರು ಬರೆಯುತ್ತಿದ್ದ. "ಎಲ್ಲಾ ಸಮಾ ಇತ್ತ್. ಮತ್ತ್ ಎಂತಕೆ?" ಎಂದು ತನ್ನಷ್ಟಕ್ಕೆ ಕೇಳಿಕೊಳ್ಳುತ್ತಿದ್ದ. ಎದುರಿಗೆ ನಾನು ಸಾರು ಕಲಸುತ್ತಿದ್ದೆ.

ಆಗ ಗೊತ್ತಿತ್ತೇ? ನನ್ನ ಮನಸ್ಸು ಪುಲ್ಲಿಯ ಹತ್ತಿರ ಹೋಗಿ ವಾಪಸು ಬರುತ್ತಿತ್ತು. ಅಷ್ಟು ಮಾತ್ರ ಹೇಳಬಲ್ಲೆ. ಒಂದು ಬೆರಳಿನ ಅಗಲ ಸರಿದರೆ ಇಷ್ಟೆಲ್ಲ ಆಗುತ್ತದೆಯೇ ಎಂದು ನನ್ನನ್ನು ನಾನೇ ಕೇಳುತ್ತಿದ್ದೆ. ಯಾರನ್ನಾದರೂ ಕೇಳಬಹುದಿತ್ತು. ಸುಧಾಕರನನ್ನೇ ಕೇಳಬಹುದಿತ್ತು.

ಒಂದು ಮಧ್ಯಾಹ್ನ ಅವನು ಕೈ ಒರೆಸಿಕೊಳ್ಳುತ್ತ ಬಂದ. ಮುಖದಲ್ಲಿ ಏನೋ ಒಂದು ಗೆಲುವಿತ್ತು.

"ಭಾವ, ಗೀಟ್ ಬದಿಗಿಡುವ. ಇಂಜಿನ್ ಸದ್ದ್ ಕಿವಿಗ್ ಕೇಂಡಾಂಗೆ ಪಂಪ್ ಒಂಚೂರ್ ತಿರ್ಗಿಸಿ ಕಾಂಬನಾ?"

ಅವನು ನಿಜದ ಬಾಗಿಲಿನವರೆಗೆ ಬಂದುಬಿಟ್ಟಿದ್ದ. ಪಂಪಿನ ಬೋಲ್ಟು ಸಡಿಲಿಸಿ, ಅದನ್ನು ಸ್ವಲ್ಪ ತಿರುಗಿಸಿದ್ದರೆ ಹೊಗೆ ನಿಲ್ಲುತ್ತಿತ್ತು. ಹೊಗೆ ನಿಂತರೆ ಗೀಟು ಸುಳ್ಳು ಎಂದಾಗುತ್ತಿತ್ತು. ಗೀಟು ಸುಳ್ಳಾದದ್ದು ಹೇಗೆ ಎಂದು ಅವನು ಪುಲ್ಲಿಯ ಗ್ರೀಸು ಒರೆಸುತ್ತಿದ್ದ.

ನಾನು ಹೇಳಿದೆ, "ಬೇಡ. ಕಂಪನಿಯವ್ರ್ ಗೀಟ್ ಹಾಕಿದ್ದ್ ಸುಮ್ನೆ ಅಲ್ಲ. ಗೀಟಿಗೇ ಇಡ್. ಪಿಸ್ಟನ್ ಒಡ್ದ್ ಹೋರೆ ದುಡ್ಡ್ ಯಾರ್ ಕೊಡ್ತ್ರ್?"

ಈ ಮಾತುಗಳನ್ನು ನಾನು ಎಷ್ಟು ಸಲ ತಿರುಗಿಸಿ ನೋಡಿದ್ದೇನೋ. ಟೈಮಿಂಗ್ ತಪ್ಪಿದರೆ ಪಿಸ್ಟನ್ ಒಡೆಯುತ್ತದೆ ಎಂದು ಯಾರೋ ಹೇಳಿದ್ದು ನಿಜ. ನನಗೆ ಹೆದರಿಕೆಯಾದದ್ದೂ ನಿಜ. ಯಾವುದರ ಹೆದರಿಕೆ — ಇಲ್ಲಿಗೆ ಬಂದು ನನ್ನ ನೆನಪು ಕಲಸಿಕೊಳ್ಳುತ್ತದೆ. ಅವನ ಮುಖದ ಗೆಲುವು ಆರಿದ್ದು ಮಾತ್ರ ಸ್ಪಷ್ಟವಾಗಿ ಕಾಣುತ್ತದೆ. "ಆಯ್ತ್ ಭಾವ," ಎಂದು ಹೋದ.

ಆಮೇಲೆ ಆ ಮದುವೆ. ಬ್ಯಾಂಕಿನಲ್ಲಿದ್ದ ನಮ್ಮ ಕಡೆಯವರೊಬ್ಬರ ಮಗಳದು, ಸಾಲ್ಟ್ ಲೇಕಿನಲ್ಲಿ. ಲಾರಿ ಹೊಗೆ ಬಿಟ್ಟರೂ ಓಡುತ್ತಿತ್ತು. ಬೇರೆ ಗಾಡಿ ತರಿಸುವ ಎಂದು ಸುಧಾಕರ ಹೇಳಿದ. ಬೇಡ, ನಿಧಾನ ಹೋದರೆ ಸಾಕು ಎಂದವನೂ ನಾನೇ. ಬೆಳಗಿನಿಂದ ಮಾಡಿದ ಅಡುಗೆಯನ್ನೆಲ್ಲ ತುಂಬಿ ಕಳಿಸಿದೆವು. ನಾನು ಮೊದಲೇ ಛತ್ರಕ್ಕೆ ಹೋಗಿದ್ದೆ. ಬೈಪಾಸಿನಿಂದ ಸಾಲ್ಟ್ ಲೇಕಿಗೆ ತಿರುಗುವ ಮುಂಚಿನ ಏರು ಸೇತುವೆಯ ಮೇಲೆ ಲಾರಿ ಕಾದು ಕೆಂಡವಾಗಿ ನಿಂತಿತು. ಹಿಂದೆ ಬಸ್ಸು ಕಾರುಗಳ ಸಾಲು. ಪೊಲೀಸರು ಬಂದರು. ಸುಧಾಕರ ಎರಡು ಸಣ್ಣ ಗಾಡಿ ಹಿಡಿದು, ಸೇತುವೆಯ ಮೇಲೇ ಹಂಡೆಗಳನ್ನು ಇಳಿಸಿ ಹತ್ತಿಸಿ, ಅಂತೂ ಛತ್ರ ಮುಟ್ಟಿದಾಗ ಮುಹೂರ್ತ ಮುಗಿದು ಬಹಳ ಹೊತ್ತಾಗಿತ್ತು. ಒಂದು ಕೊಪ್ಪರಿಗೆ ಸಾರು ರಸ್ತೆಗೆ ಹೋಗಿತ್ತು. ಗಂಡಿನ ಕಡೆಯವರು ಎಲೆಯ ಮುಂದೆ ಕುಳಿತು ಎದ್ದು, ಮತ್ತೆ ಕುಳಿತಿದ್ದರು. ಹೆಣ್ಣಿನ ತಂದೆ ಪ್ರತಿಯೊಬ್ಬರ ಮುಂದೆಯೂ ಕೈ ಜೋಡಿಸುತ್ತ ಓಡಾಡುತ್ತಿದ್ದರು.

ಸುಧಾಕರ ಬಂದವನೇ ಬಕೆಟ್ಟು ಹಿಡಿದು ಬಡಿಸಲು ಪಂಕ್ತಿಗೆ ಇಳಿದ. ಮೊಣಕೈವರೆಗೆ ಮಸಿ. ಯಾರೋ ಒಬ್ಬರು ಎಲೆಗೆ ಕೈ ಅಡ್ಡ ಹಿಡಿದು ಹೇಳಿದರು, "ಹ್ವಾಯ್, ಕೈ ತೊಳ್ಕಂಡ್ ಬಾ ಮರಾಯ. ಸಾಂಬಾರಿಗೆ ಡೀಸೆಲ್ ಒಗ್ಗರ್ಣೆಯಾ?" ಪಂಕ್ತಿಯೇ ನಕ್ಕಿತು. ಅಷ್ಟು ಹೊತ್ತಿನ ಬಿಗುವು ನಗುವಿನಲ್ಲಿ ಸಡಿಲಾಯಿತು ಎಂದು ನನಗೂ ಸಮಾಧಾನವಾಗಿ ನಾನೂ ನಕ್ಕೆ.

ಆಗ ಹೆಣ್ಣಿನ ದೊಡ್ಡಪ್ಪ ನನ್ನ ಕಡೆ ತಿರುಗಿದರು. ನಗುತ್ತಿರಲಿಲ್ಲ. "ಮದುವೆಗೆ ಎಂಥಾ ಗಾಡಿ ಕಳಿಸ್ತೀರಿ? ರಿಪೇರಿ ಮಾಡಿಸುದಿಲ್ವಾ ನೀವು?"

"ಈಗಷ್ಟೇ ಇಂಜಿನ್ ಕಟ್ಟಿಸಿದ್ದು," ಎಂದೆ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. "ಕಟ್ಟಿದ್ದು ನಾನಲ್ಲ. ಇವನು, ನನ್ನ ಹೆಂಡತಿ ತಮ್ಮ. ಬರುದಿಲ್ಲ ಅಂತ ಹೇಳಿದ್ರೆ ನಾನು ಬೇರೆ ಮಿಸ್ತ್ರಿ ನೋಡ್ತಿದ್ದೆ."

ಅದರಲ್ಲಿ ಹೆಚ್ಚಿನ ಪದಗಳು ಸುಳ್ಳಲ್ಲ. ಅವನೇ ಕಟ್ಟಿದ್ದು. ಈ ಒಂದು ಸಂಗತಿಯನ್ನು ನಾನು ಎಷ್ಟೋ ವರ್ಷ ಹಿಡಿದುಕೊಂಡಿದ್ದೆ — ನಾನು ಹೇಳಿದ್ದು ಸುಳ್ಳಲ್ಲ, ಸುಳ್ಳಲ್ಲ ಎಂದು. ಸುಧಾಕರ ಬಕೆಟ್ಟನ್ನು ನೆಲಕ್ಕೆ ಇಟ್ಟ. ನನ್ನನ್ನು ನೋಡಿದ. ಕೈ ತೊಳೆಯಲು ಹೋದವನು ಪಂಕ್ತಿಗೆ ಮತ್ತೆ ಬರಲಿಲ್ಲ. ಜಲಜ ಹೆಂಗಸರ ಸಾಲಿನಲ್ಲಿ ಕುಳಿತಿದ್ದಳು. ಅವಳಿಗೆ ಎಲ್ಲ ಕೇಳಿಸಿತ್ತು. ತಲೆ ತಗ್ಗಿಸಿಕೊಂಡೇ ಇದ್ದಳು.

ಅಲ್ಲಿಯವರೆಗೆ ನನಗೆ ಗೊತ್ತಿತ್ತೋ ಇಲ್ಲವೋ ಎಂದು ನಾನು ಗೊಂದಲಪಡಬಹುದು. ಇನ್ನು ಮುಂದೆ ಅದಕ್ಕೂ ಅವಕಾಶವಿಲ್ಲ.

ಮದುವೆ ಕಳೆದ ಮೇಲೆ ಲಾರಿಯನ್ನು ಎಳೆಸಿಕೊಂಡು ತೋಪ್ಸಿಯಾದ ಒಂದು ಗ್ಯಾರೇಜಿಗೆ ಒಯ್ದೆ. ಸುಧಾಕರನನ್ನು ಕರೆದುಕೊಂಡು ಹೋಗಲಿಲ್ಲ. ಅಲ್ಲಿನ ಮಿಸ್ತ್ರಿ ಮೊದಲ ಪಿಸ್ಟನ್ನಿನ ಮೇಲಿನ ನಾಜಲ್ ತೆಗೆದು, ಆ ತೂತಿನಿಂದ ಒಂದು ತಂತಿ ಇಳಿಸಿ, ಕೈಯಿಂದ ಇಂಜಿನ್ ತಿರುಗಿಸುತ್ತ ಪಿಸ್ಟನ್ ನಿಜಕ್ಕೂ ಎಲ್ಲಿ ತುದಿ ಮುಟ್ಟುತ್ತದೆ ಎಂದು ನೋಡಿದ. ಆಮೇಲೆ ಪುಲ್ಲಿಯ ಗ್ರೀಸನ್ನು ಚಿಂದಿಯಿಂದ ಒರೆಸಿದ. ಗೀಟು ಇರಬೇಕಾದಲ್ಲಿ ಇರಲಿಲ್ಲ. "ಇದನ್ನು ಅಂಚು ಹಿಡಿದು ಎಳೆದವರು ಯಾರು?" ಎಂದು ಹಿಂದಿಯಲ್ಲಿ ಕೇಳಿದ. ಗೊತ್ತಿಲ್ಲ ಎಂದೆ. ಅವನು ಹೊಸ ಗೀಟು ಕೊರೆದು ಪಂಪು ತಿರುಗಿಸಿ ಬಿಗಿದ. ಇಂಜಿನ್ ಒಂದೇ ಸಲಕ್ಕೆ ಹಿಡಿಯಿತು. ಹೊಗೆಯೇ ಇಲ್ಲ. "ಕಟ್ಟಿದ ಕೈ ಒಳ್ಳೆಯದು," ಎಂದು ಮಿಸ್ತ್ರಿ ಬಾನೆಟ್ ಮುಚ್ಚಿದ.

ಮನೆಗೆ ಬಂದು ಜಲಜಳಿಗೆ ಹೇಳಿದೆ, "ಎಲ್ಲಾ ಉಲ್ಟಾ ಪಲ್ಟಾ ಹಾಕಿದ್ದನಂತೆ. ಇಡೀ ಇಂಜಿನ್ ಬಿಚ್ಚಿ ಮತ್ತೆ ಕಟ್ಟಿದ್ರು."

ಏಕೆ ಹಾಗೆ ಹೇಳಿದೆ? ನಿಜ ಹೇಳಲು ಅದಕ್ಕಿಂತ ಒಳ್ಳೆಯ ಸಂಜೆ ಬೇರೆ ಇರಲಿಲ್ಲ. ಲಾರಿ ಸರಿಯಾಗಿತ್ತು, ಯಾರೂ ಸತ್ತಿರಲಿಲ್ಲ. ಜಲಜ ಸ್ವಲ್ಪ ಬೈಯುತ್ತಿದ್ದಳು, ಸುಧಾಕರ ಸ್ವಲ್ಪ ದಿನ ಮುಖ ಊದಿಸಿಕೊಂಡಿರುತ್ತಿದ್ದ. ಬಾಯಿ ತೆರೆದದ್ದೂ ನಿಜ ಹೇಳಲಿಕ್ಕೇ ಇರಬೇಕು. ಬಂದದ್ದು ಇದು.

ಲಾರಿ ಆ ಮೇಲೆ ಹಲವು ವರ್ಷ ಓಡಿತು. ಸುಧಾಕರ ಕಟ್ಟಿದ ಇಂಜಿನ್ನಿನಲ್ಲೇ ಓಡಿತು. ಓಡಿಸಲು ಬೇರೆ ಡ್ರೈವರನ್ನು ಇಟ್ಟಿದ್ದೆ.

ಯಾದವ್‌ಜಿ ಅವನಿಗೆ, "ಪಹಲೇ ಅಪ್ನೀ ಗಾಡಿ ಚಲಾವೋ, ಭಾಯ್," ಎಂದರಂತೆ — ಮೊದಲು ನಿಮ್ಮ ಗಾಡಿ ಓಡಿಸು ಎಂದು. ಅಂಗಳದ ಮೂಲೆಯಲ್ಲಿ ಗ್ಯಾರೇಜು ಬರಲಿಲ್ಲ. ಸುಧಾಕರ ತನ್ನ ಪಾನಾಗಳನ್ನೆಲ್ಲ ಚೇತ್ಲಾದ ಮಿಸ್ತ್ರಿಗಳಿಗೆ ಹಂಚಿ, ಒಂದು ಹೋಟೆಲಿನಲ್ಲಿ ದೋಸೆ ಕಾವಲಿಯ ಮುಂದೆ ನಿಂತ. ಈಗಲೂ ಅಲ್ಲೇ ನಿಂತಿದ್ದಾನೆ. ಹಬ್ಬಕ್ಕೆ ನಮ್ಮ ಮನೆಗೆ ಬರುತ್ತಿದ್ದ, ಉಣ್ಣುತ್ತಿದ್ದ, ಹೋಗುತ್ತಿದ್ದ. ಒಂದು ಸಲ ನನ್ನ ಸ್ಕೂಟರು ಶುರುವಾಗದೆ ಬಾಗಿಲಲ್ಲೇ ಒದ್ದಾಡುತ್ತಿದ್ದೆ. ಅವನು ಮೆಟ್ಟಿಲಲ್ಲಿ ಚಪ್ಪಲಿ ಹಾಕುತ್ತಿದ್ದ. "ಮೆಕ್ಯಾನಿಕ್ ಕರ್ಸಿ ಭಾವ," ಎಂದು ಪಕ್ಕದಿಂದ ದಾಟಿ ಹೋದ. ಒಳಗಿನಿಂದ ಜಲಜ, "ಅವ್ನತ್ರ ಕೇಂಬುಕ್ ಹೋಯ್ಬೇಡಿ. ಆ ಕೈಯಗೆ ಮುಟ್ಟಿದ್ದೆಲ್ಲಾ ಹಾಳ್," ಎಂದಳು. ಅವನು ಇನ್ನೂ ಗೇಟಿನಲ್ಲಿದ್ದ.

ಇಷ್ಟು ವರ್ಷ ನಾನು ಹೇಗೆ ಇದ್ದೆ ಎಂದು ಕೇಳಿದರೆ — ಅವನಿಗೆ ಗೊತ್ತಿದೆ ಎಂದು ನಂಬಿಕೊಂಡಿದ್ದೆ. ಆ ದಿನ ಪಂಕ್ತಿಯಲ್ಲಿ ನನ್ನನ್ನು ನೋಡಿದನಲ್ಲ, ಆ ನೋಟದಲ್ಲೇ ಎಲ್ಲ ತಿಳಿದುಕೊಂಡಿದ್ದಾನೆ, ಅಕ್ಕನ ಸಂಸಾರಕ್ಕಾಗಿ ಸುಮ್ಮನಿದ್ದಾನೆ, ಕ್ಷಮಿಸಿಬಿಟ್ಟಿದ್ದಾನೆ ಎಂದು. ಹೀಗೆ ಅಂದುಕೊಂಡಾಗ ನನಗೆ ನಿದ್ದೆ ಬರುತ್ತಿತ್ತು. ಅವನನ್ನು ನನ್ನ ಮನಸ್ಸಿನಲ್ಲಿ ದೊಡ್ಡವನನ್ನಾಗಿ ಮಾಡಿ, ಅದರ ನೆರಳಿನಲ್ಲಿ ನಾನು...

ಈ ಬೇಸಿಗೆಯಲ್ಲಿ ಅವನ ಮಗಳು ಸ್ವಾತಿ ನಮ್ಮ ಮನೆಗೆ ಬಂದಳು. ಆ ಮದುವೆಯ ಕಾಲಕ್ಕೆ ಕೂಸು; ಈಗ ಹನ್ನೆರಡನೆಯ ತರಗತಿ ಮುಗಿಸಿದ್ದಾಳೆ. ಅವಳ ಅತ್ತೆ ಜಲಜ ಮಾರುಕಟ್ಟೆಗೆ ಹೋಗಿದ್ದನ್ನು ನೋಡಿಕೊಂಡೇ ಬಂದಳೋ ಏನೋ. ಇಲ್ಲಿ ಹುಟ್ಟಿದ ಮಕ್ಕಳ, ಹಿಂದಿ ಬೆರೆತ ಕನ್ನಡ ಅವಳದು.

"ಮಾವ, ಪಾಲಿಟೆಕ್ನಿಕ್‌ನಲ್ಲಿ ಆಟೊಮೊಬೈಲ್ ಸಿಕ್ತು. ಲೇಕಿನ್ ಅಪ್ಪ ಸೈನ್ ಮಾಡ್ತಿಲ್ಲ. ಕಂಪ್ಯೂಟರ್ ತಗೋ, ಅಕೌಂಟ್ಸ್ ತಗೋ, ಏನ್ ಬೇಕಾದ್ರೂ ತಗೋ — ಇಂಜಿನ್ ಬೇಡ."

"ಯಾಕಂತೆ?"

"ನಮ್ಮ ಮನೆ ಕೈಗೆ ಇಂಜಿನ್ ಆಗಿಬರಲ್ಲ ಅಂತೆ. ಏ ಕ್ಯಾ ಲಾಜಿಕ್ ಹೈ, ಮಾವ? ನಮ್ಮನೆ ಗ್ರೈಂಡರ್ ನಾನೇ ಠೀಕ್ ಮಾಡಿದ್ದು. ಅದನ್ನ ನೋಡಿ ಅಪ್ಪ ಒಂದಿನ ಊಟ ಮಾಡ್ಲಿಲ್ಲ." ಅವಳು ನನ್ನ ಕೈ ಹಿಡಿದಳು. "ನೀವು ಹೇಳಿ ಮಾವ. ನಿಮ್ಮ ಮಾತು ಅಪ್ಪ ಕೇಳ್ತಾರೆ."

ನನ್ನ ಮಾತು ಅವನು ಕೇಳುತ್ತಾನೆ. ಅದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು.

ಎರಡು ಮೂರು ದಿನ ಸುಮ್ಮನಿದ್ದೆ ಎಂಬುದನ್ನೂ ಬರೆಯಬೇಕು. ಬೇರೆ ದಾರಿ ಹುಡುಕಿದೆ. ಹುಡುಗಿಗೆ ಓದುವ ಮನಸ್ಸಿದೆ, ಬಿಡು ಎಂದಷ್ಟೇ ಹೇಳಿದರೆ ಸಾಕಲ್ಲವೇ ಎಂದು ಯೋಚಿಸಿದೆ. ಅವನು ಒಪ್ಪಿಯೂ ಬಿಡುತ್ತಿದ್ದ, ಭಾವ ಹೇಳಿದ್ದಾರೆಂದು. ಆಮೇಲೆ ಆ ಹುಡುಗಿಯ ಕೈಯಲ್ಲಿ ಒಂದು ಇಂಜಿನ್ ಮೊದಲ ಸಲ ಹೊಗೆ ಬಿಟ್ಟ ದಿನ ಅವನ ಮುಖ ಹೇಗಿರುತ್ತದೆ ಎಂದು ಊಹಿಸಿದೆ. ಅಲ್ಲಿಗೆ ನನ್ನ ಉಪಾಯಗಳು ಮುಗಿದವು.

ಮಧ್ಯಾಹ್ನದ ಗಿರಾಕಿಗಳು ಕಡಿಮೆಯಾಗುವ ಹೊತ್ತಿಗೆ ಹೋಟೆಲಿಗೆ ಹೋದೆ. ಸುಧಾಕರ ಕಾವಲಿಯ ಮುಂದೆ ಇದ್ದ. "ಬನ್ನಿ ಭಾವ, ಕೂಕಣಿ. ಮಸಾಲೆ ಹಾಕ್ಲಾ, ಸಾದಾ ಸಾಕಾ?" ಎಂದ. ನಾನು ಕುಳಿತುಕೊಳ್ಳಲಿಲ್ಲ. ಕಾವಲಿಯ ಪಕ್ಕ ನಿಂತೇ ಹೇಳಿದೆ. ಪುಲ್ಲಿ, ಪುಲ್ಲರ್, ಸುತ್ತಿಗೆ, ಗ್ರೀಸು, ತೋಪ್ಸಿಯಾ. ಬಹಳ ಹೊತ್ತು ಬೇಕಾದೀತು ಎಂದುಕೊಂಡಿದ್ದೆ. ಒಂದು ದೋಸೆ ಬೇಯುವಷ್ಟರಲ್ಲಿ ಮುಗಿಯಿತು.

ಅವನು ನನ್ನ ಮುಖ ನೋಡಲಿಲ್ಲ. ಕಾವಲಿಯನ್ನೇ ನೋಡುತ್ತಿದ್ದ.

"ಯಾವ್ ಬದಿಗ್ ಸರ್ದಿತ್ತ್?" ಎಂದು ಕೇಳಿದ.

ನನಗೆ ಅರ್ಥವಾಗಲಿಲ್ಲ.

"ಗೀಟ್, ಭಾವ. ಮುಂದಕ್ಕಾ ಹಿಂದಕ್ಕಾ?"

ನೆನಪಿಲ್ಲ ಎಂದೆ. ನಿಜವಾಗಿಯೂ ನೆನಪಿಲ್ಲ. ಅವನು ನನ್ನಲ್ಲಿ ಕೇಳಿದ್ದು ಇದೊಂದನ್ನೇ, ಅದನ್ನೂ ಕೊಡಲು ನನ್ನಲ್ಲಿರಲಿಲ್ಲ. ಅವನು ಸಟ್ಟುಗ ಹಿಡಿದ ಕೈಯನ್ನು ಗಾಳಿಯಲ್ಲಿ ನಿಧಾನವಾಗಿ ತಿರುಗಿಸಿದ, ಇಂಜಿನ್ ತಿರುಗುವ ದಿಕ್ಕಿಗೆ.

"ಬಿಳಿ ಹೊಗೆ ಬತ್ತಿತ್ತ್. ಏರಲ್ಲಿ ಎಳಿತಿರ್ಲಿಲ್ಲ, ಕಾಯ್ತಿತ್ತ್... ಹಂಗಾರೆ ಡೀಸೆಲ್ ತಡವಾಯಿ ಬೀಳ್ತಿತ್ತ್." ಕೈ ನಿಂತಿತು. "ತಡವೇ. ಗೇರ್ ಅಲ್ಲ. ನಾ ಗೇರ್ ಅಂದೇಳಿ... ಈಗ್ಲೂ ಬಿಚ್ತೆ ಭಾವ, ಮನ್ಸಲ್ಲೇ. ಎಷ್ಟ್ ಸಲ ಬಿಚ್ಚಿರೂ ಚುಕ್ಕಿ ಸಮಾ ಇರ್ತಿತ್ತ್."

ಅವನಿಗೆ ಗೊತ್ತಿರಲಿಲ್ಲ. ಕ್ಷಮಿಸಿಯೂ ಇರಲಿಲ್ಲ, ಏಕೆಂದರೆ ಕ್ಷಮಿಸಲು ಅವನ ಬಳಿ ನನ್ನ ತಪ್ಪೇ ಇರಲಿಲ್ಲ. ಇದ್ದದ್ದು ಅವನದೇ ಎಂದುಕೊಂಡ ತಪ್ಪು. ಅದನ್ನು ಇಷ್ಟು ವರ್ಷ ಹುಡುಕುತ್ತಿದ್ದ.

ಕಾವಲಿಯ ಮೇಲೆ ದೋಸೆ ಕಪ್ಪಾಗಿತ್ತು. ಅದನ್ನು ಕೆರೆದು ತೆಗೆದು ಪಕ್ಕಕ್ಕೆ ಹಾಕಿದ. "ಐದ್ ನಿಮಿಷದ್ ಕೆಲ್ಸ ಅಲ್ದಾ ಭಾವ, ಅದ್," ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಾನು ನಿಲ್ಲುತ್ತಿದ್ದೆ.

ಮತ್ತೆ ಕೇಳಿದ, "ಅಕ್ಕಂಗ್ ಗೊತ್ತಿತ್ತಾ?"

ಇಲ್ಲ ಎಂದೆ.

"ಹೇಳಿ," ಎಂದ. ಹಿಟ್ಟು ತೆಗೆದುಕೊಂಡು ಇನ್ನೊಂದು ದೋಸೆ ಹೊಯ್ದ. ನಾನು ಹೊರಟೆ.

ಆ ಸಂಜೆಯೇ ಜಲಜಳಿಗೆ ಹೇಳಿದೆ. ಅವಳು ಬಸಳೆ ಸೊಪ್ಪು ಸೋಸುತ್ತಿದ್ದಳು. ಪೂರ್ತಿ ಕೇಳಿದಳು. "ತೋಪ್ಸಿಯಾದಗೆ ಪೂರ್ತಿ ಬಿಚ್ಚಿ ಕಟ್ಟಿರ್ ಅಂದಿದ್ರಿ," ಎಂದಳು. ಸುಳ್ಳು ಎಂದೆ. ಅವಳು ಸೊಪ್ಪನ್ನು ಅಲ್ಲಿಗೇ ಬಿಟ್ಟು ಎದ್ದು ಹೋದಳು. ಮರುದಿನ ಬೆಳಿಗ್ಗೆ ಸೀರೆ ಉಟ್ಟುಕೊಂಡು, ನನಗೆ ಒಂದು ಮಾತೂ ಹೇಳದೆ, ಆಟೊ ಹಿಡಿದು ಕಾಳಿಘಾಟಿಗೆ ತಮ್ಮನ ಮನೆಗೆ ಹೋದಳು. ಅವನ ಮದುವೆಯ ಹೊಸದರಲ್ಲಿ ಹೋಗಿದ್ದಳು. ಆ ಇಂಜಿನ್ನಿನ ಪ್ರಕರಣ ಆದ ಮೇಲೆ ಒಮ್ಮೆಯೂ ಹೋಗಿರಲಿಲ್ಲ.

ಕತ್ತಲಾಗುವ ಮೊದಲು ವಾಪಸು ಬಂದಳು. ನಾನು ಬಾಗಿಲು ತೆರೆದೆ. ಒಳಗೆ ಬಂದು ಗೋಡೆಗೆ ಒರಗಿ ನಿಂತಳು. ಅತ್ತು ಅತ್ತು ಮುಖ ಊದಿತ್ತು.

"ಸ್ವಾತಿ ಕಾಗ್ದಕ್ಕೆ ಸೈನ್ ಹಾಕ್ದ," ಎಂದಳು. "ನಿಮ್ ಹೆಸ್ರ್ ಎತ್ಲಿಲ್ಲ."

ನಾನು ಬಾಗಿಲು ಹಾಕಿದೆ.

"ಇಷ್ಟ್ ವರ್ಷ ನಾ ಅವ್ನಿಗೆ ಎಂತೆಲ್ಲ ಹೇಳಿದ್ದೆ. ನೀವ್ ಅಲ್ಲೇ ಕೂಕಂಡ್ ಇರ್ತಿದ್ರಿ. ಕೇಂತಿತ್ತಾ ನಿಮ್ಗೆ?"

ಈ ಬರಹದಲ್ಲಿ ಎಷ್ಟೋ ಕಡೆ ಗೊತ್ತಿಲ್ಲ, ನೆನಪಿಲ್ಲ ಎಂದು ಬರೆದಿದ್ದೇನೆ. ಅವಳ ಪ್ರಶ್ನೆಗೆ ಹಾಗೆ ಹೇಳಲು ಬರಲಿಲ್ಲ.

"ಕೇಳ್ತಿತ್ತು," ಎಂದೆ.